ತೊಳುವಿನ ಬೀದಿಗೆ ಬಾರದ ಡಂಗುರ

ತಮಿಳು ಸೀಮೆಯ ಕನ್ನಡದವರ ಊರಾದ ಓಡೈಪಟ್ಟಿಯಲ್ಲಿ ಏನು ಬೆಳೆದರೂ ಮೊದಲ ಪಾಲು ದೇವರ ದನಗಳ ಕೊಟ್ಟಿಗೆಗೆ. ಊರವರು ಅದನ್ನು ತೊಳುವು ಎನ್ನುತ್ತಿದ್ದರು. ಜೋಳದ ಮೊದಲ ತೆನೆ, ದ್ರಾಕ್ಷಿಯ ಮೊದಲ ಗೊಂಚಲು, ಎಲ್ಲದರಲ್ಲೂ ಅದಕ್ಕೇ ಮೊದಲ ಮಣೆ. ಆ ದನಗಳಿಗೆ ಮೂಗುದಾರವಿಲ್ಲ, ನೊಗವಿಲ್ಲ. ಅವನ್ನು ಮೇಯಿಸುವ ಕೆಲಸ ತಲೆತಲಾಂತರದಿಂದ ಅಯ್ಯಾವುವಿನ ಮನೆತನದ್ದು. ಗುಡಿಯ ದೇವರಾದರೂ ಒಮ್ಮೊಮ್ಮೆ ತೂಕಡಿಸಿಯಾನು, ಅಯ್ಯಾವುವಿನ ಕಟ್ಟುನಿಟ್ಟು ತೂಕಡಿಸುತ್ತಿರಲಿಲ್ಲ.

ತಮಟೆ ತೊಳುವಿನ ಬೀದಿಗೆ ಬರಕೂಡದು ಎನ್ನುವುದೂ ಒಂದು ಕಟ್ಟು. ಸತ್ತ ದನದ ಚರ್ಮವನ್ನು ಬದುಕಿರುವ ದನದ ಮುಂದೆ ಬಡಿಯುವುದುಂಟೇ? ಡಂಗುರ ಸಾರುವ ಪೆರಿಯಣ್ಣನ್ ಒಮ್ಮೆ ಮರೆತು ಬಂದದ್ದಕ್ಕೆ ಅಯ್ಯಾವು ಬೀದಿಗೆಲ್ಲ ಕೇಳುವಂತೆ ಬೈದು ಅಟ್ಟಿದ್ದ. ಅಂದಿನಿಂದ ಅವನು ಆ ಕಡೆ ತಲೆ ಹಾಕಲಿಲ್ಲ.

ಅರವತ್ನಾಲ್ಕರ ಬೇಸಿಗೆಯಲ್ಲಿ ತೇವಾರಂ ಕಡೆ ದನಗಳಿಗೆ ದೊಡ್ಡರೋಗ ಬಿತ್ತು. ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಭೇದಿ. ವಾರದೊಳಗೆ ಅಲ್ಲಿನ ಕೊಟ್ಟಿಗೆಗಳೆಲ್ಲ ಬರಿದು. ಅಯ್ಯಾವು ಮಾತ್ರ ನಿಶ್ಚಿಂತೆಯಾಗಿದ್ದ. ಮೂರು ವರ್ಷದ ಹಿಂದೆ ಸರ್ಕಾರಿ ಡಾಕ್ಟರು ತೊಳುವಿನ ದನಗಳಿಗೆಲ್ಲ ಸೂಜಿ ಹಾಕಿ ಹೋಗಿದ್ದರಲ್ಲ!

ಒಂದು ಮಧ್ಯಾಹ್ನ ಉಣ್ಣಲು ಪಕ್ಕದ ಬೀದಿಯ ತನ್ನ ಮನೆಗೆ ಬಂದರೆ ಹೆಂಡತಿ ದೈವಾನೈ ಇಲ್ಲ, ಗೂಟದಲ್ಲಿ ಕರುವೂ ಇಲ್ಲ. ಪಕ್ಕದ ಮನೆಯ ಪಾಪಮ್ಮಾಳ್ ಕೂಗಿದಳು.

“ಅವ್ಳು ಕರು ಹಿಡ್ಕಂಡು ಮಂದೈ ಮೈದಾನಕ್ಕೆ ಹೋಗವ್ಳೆ ಅಣ್ಣಾ. ಹಳೇ ಸೂಜಿ ಆದ್ಮ್ಯಾಲೆ ಹುಟ್ಟಿದ್ವಕ್ಕೆಲ್ಲ ಪುದುಸಾ ಊಸಿ ಹಾಕ್ಸಬೇಕಂತೆ. ಇವತ್ತೊಂದೇ ದಿನ. ನೆನ್ನೆ ಪೆರಿಯಣ್ಣನ್ ಸಾರಿದ್ನಲ್ಲ?”

“ನಂಗ್ಯಾರೂ ಹೇಳ್ಳಿಲ್ವೇ!”

“ನಿಂಗ್ ಹೇಳ್ಬೇಕಾ? ಎಲ್ಲಾನೂ ಮೊದ್ಲು ತೊಳುವಿಗೆ ತಾನೆ ಹೋಗೋದು?”

ಡಂಗುರ ತೊಳುವಿನ ಬೀದಿಗೆ ಬಂದಿರಲಿಲ್ಲ. ಮೊದಲ ತೆನೆ ಹೋದ ಹಾಗೆ ಸುದ್ದಿಯೂ ಹೋಗಿರುತ್ತದೆಂದು ಊರೆಲ್ಲ ಸುಮ್ಮನಿತ್ತು. ದೀಪದ ಬುಡದಲ್ಲೇ ಕತ್ತಲೆ. ಮೂರು ವರ್ಷದಲ್ಲಿ ತೊಳುವಿನಲ್ಲಿ ಹುಟ್ಟಿದ ಕರುಗಳೆಲ್ಲ ರೋಗದ ಬಾಯಲ್ಲಿ ನಿಂತಿದ್ದವು!

ಅಯ್ಯಾವು ಮೈದಾನಕ್ಕೆ ಓಡಿದ. ಸಾಲು ಮುಗಿಯುತ್ತ ಬಂದಿತ್ತು. ಕೊನೆಯಲ್ಲಿ ದೈವಾನೈ ನಿಂತಿದ್ದಳು. ಡಾಕ್ಟರು ಪೆಟ್ಟಿಗೆಯ ಮುಚ್ಚಳ ಎತ್ತಿ ತೋರಿಸಿ ತಮಿಳಿನಲ್ಲಿ ಗದರಿದರು. ಐಸು ಕರಗಿ ನೀರಾಗುತ್ತಿತ್ತು. ಅದು ಕರಗಿದರೆ ಕಲಸಿಟ್ಟ ಮದ್ದೂ ಕೆಟ್ಟಂತೆ.

ಅಯ್ಯಾವು ಹಳ್ಳದ ಹುಣಸೆಮರಗಳ ಕಡೆ ಓಡಿ ಗಂಟಲು ಹರಿಯುವಂತೆ ಕೂಗಿದ. ಮಲಗಿದ್ದ ಮಂದೆ ಎದ್ದು ಹಿಂದೆ ಬಂತು. ಆದರೆ ಮೈದಾನದ ಮದ್ದಿನ ವಾಸನೆಗೆ ಕರುಗಳು ಬೆದರಿ ಚೆಲ್ಲಾಪಿಲ್ಲಿಯಾದವು. ಹಗ್ಗ ಹಾಕುವಂತಿಲ್ಲ. ಊರ ಗಂಡಸರೆಲ್ಲ ತಬ್ಬಿ ಹಿಡಿದರು, ಒದೆ ತಿಂದರು. ದೈವಾನೈ ತನ್ನ ಸರದಿ ಬಂದರೂ ಕರುವನ್ನು ಪಕ್ಕಕ್ಕೆ ಎಳೆದುಕೊಂಡು, “ಮೊದ್ಲು ಸಾಮಿ ಕರು ಆಗ್ಲಿ” ಎಂದಳು.

ಡಾಕ್ಟರು ಬಾಟಲಿಯನ್ನು ಓರೆ ಮಾಡಿ ನೋಡಿದರು. ಇನ್ನೊಂದಕ್ಕೆ ಮಾತ್ರ ಸಾಕು. ಮತ್ತೆ ಮದ್ದು ಬರಲು ಹತ್ತು ದಿನವಾದರೂ ಬೇಕು. ಉಳಿದದ್ದು ತೊಳುವಿನ ಒಂದು ಕರು, ದೈವಾನೈಯ ಒಂದು ಕರು. ತಾಯಿ ಹಸು ಸತ್ತ ಮೇಲೆ ಅವಳು ಗಂಜಿ ಕುಡಿಸಿ ಸಾಕಿದ್ದ ಕರು ಅದು. ಯಾರಾದರೂ ಏನಾದರೂ ಹೇಳಲಿ ಎಂದು ಅಯ್ಯಾವು ಸುತ್ತ ನೋಡಿದ. ಊರೆಲ್ಲ ತೊಳುವಿನ ಕರುವನ್ನೇ ನೋಡುತ್ತಿತ್ತು. ಅವನು ತೊಳುವಿನ ಕರುವಿನ ಕೊರಳನ್ನು ತಬ್ಬಿ ಹಿಡಿದು ಕಣ್ಣು ಮುಚ್ಚಿದ. ಸೂಜಿ ಇಳಿಯಿತು.

“ನಿಮ್ಗೆ ನೆನ್ನೇನೇ ತಿಳಿದಿದ್ರೆ ಎಲ್ಲಕ್ಕೂ ಆಗಿರೋದು” ಎಂದಷ್ಟೇ ಹೇಳಿ ದೈವಾನೈ ಕರುವನ್ನು ಮನೆಗೆ ಹೊಡೆದುಕೊಂಡು ಹೋದಳು.

ಹೊಸ ಮದ್ದು ಬರುವ ಮುಂಚೆಯೇ ಕರುವಿನ ಕಣ್ಣಲ್ಲಿ ನೀರು ಇಳಿಯಿತು. ಗಂಡ ಹೆಂಡತಿ ಇಬ್ಬರೂ ಅದರ ಪಕ್ಕದಲ್ಲೇ ಕೂತರು. ಅದು ಹೋದ ದಿನ ಅಯ್ಯಾವು ಊರಾಚೆ ಗುಂಡಿ ತೋಡಿ ಮುಚ್ಚಿ, ಮಣ್ಣಿನ ಕೈಯಲ್ಲೇ ಪೆರಿಯಣ್ಣನ್ ಮನೆ ಮುಂದೆ ನಿಂತ.

“ಇನ್ಮ್ಯಾಲೆ ತೊಳುವು ಬಾಗ್ಲಗೇ ನಿಂತು ತಮಟೆ ಹೊಡಿಯಪ್ಪಾ.”

“ಊರು ಏನಂದಾತು ಅಣ್ಣಾ?”

“ಊರಿಗೆ ನಾನ್ ಹೇಳ್ಕತೀನಿ. ಅವತ್ತು ನಿನ್ನ ಬೈದೆ ನೋಡು, ಆ ಬಾಯಿಗೆ ಬೆಂಕಿ ಬೀಳ!”

ಪೆರಿಯಣ್ಣನ್ ಅವನ ಕೈಗಂಟಿದ ಮಣ್ಣನ್ನು ನೋಡಿದ. “ಗಂಜಿ ಕುಡೀತಿದ್ದ ಕರುವಾ?” ಎಂದು ಮೆಲ್ಲಗೆ ಕೇಳಿದ. ಅಯ್ಯಾವು ತಾನು ಬೈದು ಅಟ್ಟಿದವನ ಜಗಲಿಯ ಮೇಲೆಯೇ ಕುಸಿದು ಕೂತು, ಬಿಕ್ಕಿ ಬಿಕ್ಕಿ ಅತ್ತ.