ಅಣ್ಣನ ಅಂಗಾಲು

ಸಂಜೆ ಕುರಿ ರೊಪ್ಪಕ್ಕೆ ಬರುವ ಹೊತ್ತಿನಲ್ಲಿ ನನ್ನ ಅಣ್ಣನನ್ನು ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಬೈಗುಳ ಗ್ಯಾರಂಟಿ. ಮುಳ್ಳುಬೇಲಿಯ ಬಾಗಿಲಲ್ಲಿ ಕೋಲೂರಿ ನಿಂತು, ಒಳಗೆ ಹೋಗುವ ಒಂದೊಂದು ಕುರಿಯ ಕಾಲನ್ನೂ ನೋಡುತ್ತಾನೆ. ಯಾವುದಾದರೂ ಒಂದು ಕುರಿ ಹೆಜ್ಜೆ ಅಳುಕಿಸಿ ಇಟ್ಟಿತೋ, ಗಬಕ್ಕನೆ ಹಿಡಿದು, ಕೂರಿಸಿ, ಗೊರಸು ಮೇಲೆ ಮಾಡಿ, ಮುಳ್ಳೋ ಹುಣ್ಣೋ ಏನಿದೆ ಅಂತ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಬೇವಿನೆಣ್ಣೆ ಹಚ್ಚಿ ಬಿಟ್ಟ ಮೇಲೇ ಮುಂದಿನ ಕುರಿ. "ಪೂರಾ ಕುಂಟ ಆದಮ್ಯಾಲ ಹಿಡಿದು ಏನ್ ಮಾಡ್ತಿ? ಕುಂಟಾಕ ಹತ್ತಿದ ದಿನಾನ ಹಿಡೀಬೇಕು" ಅಂತ ನಮಗೆಲ್ಲ ಪಾಠ ಬೇರೆ ಹೇಳುತ್ತಾನೆ.

ಇಂಥ ಮನುಷ್ಯ ತನ್ನ ಕಾಲನ್ನು ಮಾತ್ರ ಎಂದೂ ಮೇಲೆ ಮಾಡಿ ನೋಡಲಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನನ್ನ ತವರು ಕೂಡ್ಲಿಗಿ ಕಡೆಯ ಹಳ್ಳಿ. ನಾನು ಕೊಟ್ಟೂರಿಗೆ ಕೊಟ್ಟ ಹೆಣ್ಣು, ಅಲ್ಲೇ ಒಂದು ಸಣ್ಣ ಖಾನಾವಳಿ ನಡೆಸುತ್ತೇನೆ. ಸಿಮೆಂಟು ನೆಲದ ಮೇಲೆ ನಿಂತು ರೊಟ್ಟಿ ಬಡಿದು ಬಡಿದು ನನ್ನ ಹಿಮ್ಮಡಿ ಹಾಳಾಗಿತ್ತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಹೊಡೆದ ಹಾಗೆ. ನಾಲ್ಕು ಹೆಜ್ಜೆ ನಡೆದರೆ ಸರಿಹೋಗುತ್ತದೆ ಅಂತ ನಾನೂ ಸುಮ್ಮನಿದ್ದೆ. ಆ ಚಳಿಗಾಲದಲ್ಲಿ ಅಣ್ಣನಿಗೂ ಅಂಗಾಲು ಉರಿ ಶುರುವಾಗಿತ್ತು. ರಾತ್ರಿ ಕೆಂಡ ತುಳಿದಂತಾಗುತ್ತದೆ, ಕಂಬಳಿಯಿಂದ ಕಾಲು ಹೊರಗೆ ಹಾಕಿ ಮಲಗುತ್ತೇನೆ ಅನ್ನುತ್ತಿದ್ದ.

ನಮ್ಮ ಕಡೆ ಕಾಲುನೋವಿಗೆ ಒಂದೇ ಮದ್ದು. ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಎಲೆಯ ಮೇಲೆ ಕಾಲಿಡುವುದು. ಯುಗಾದಿಗೆ ತವರಿಗೆ ಹೋದಾಗ ಅಂಗಳದಲ್ಲಿ ಅಣ್ಣ ಇಟ್ಟಿಗೆ ಕಾಯಿಸಿಕೊಂಡು ಕೂತಿದ್ದ. "ಬಾ, ನೀನೂ ಇಡು" ಅಂದ. ಇಟ್ಟೆ ನೋಡಿ, "ಯವ್ವಾ ಸತ್ತೆ!" ಅಂತ ಚಂಗನೆ ಹಾರಿದೆ. ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಅಣ್ಣ ಅದೇ ಇಟ್ಟಿಗೆ ಮೇಲೆ ತನ್ನ ಕಾಲಿಟ್ಟು ಆರಾಮಾಗಿ ಎಲೆ ಅಡಿಕೆ ಮೆಲ್ಲುತ್ತ ಕೂತ.

"ಖಾನಾವಳಿ ಸಾವ್ಕಾರತಿ ಆಗೀದಿ, ಕಾಲು ಬೆಣ್ಣಿ ಆಗ್ಯಾವ ನಿನ್ನವು. ನನ್ನ ನೋಡು, ಉರಿ ಇಲ್ಲ, ನೋವಿಲ್ಲ. ಎಲ್ಲಾ ಇಟ್ಟಂಗಿ ಪ್ರಭಾವ" ಅಂದ.

ನೋವು ಹೋಯಿತೆಂದು ಕುಲದೇವರಿಗೆ ಕಾಯಿ ಒಡೆಸಿ ಬಂದಿದ್ದನಂತೆ. ಆ ಇಟ್ಟಿಗೆಗೆ ಓಣಿಯಲ್ಲಿ ಎಂಥ ಹೆಸರು ಬಂತೆಂದರೆ, ಮಂಡಿನೋವಿನ ಮುದುಕಿಯರು ಕೂಡ ಅದನ್ನೇ ಕೇಳಿಕೊಂಡು ಬಂದರು. ಎಲ್ಲರಿಗೂ ಖುಷಿ.

ಪಂಚಮಿ ಬಂತು. ನಮ್ಮಲ್ಲಿ ಪಂಚಮಿಗೆ ಅಣ್ಣನೇ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಅಣ್ಣ ಒಂದು ವರ್ಷವೂ ತಪ್ಪಿಸಿದವನಲ್ಲ. ಆ ವರ್ಷವೂ ಕುರಿ ಅತ್ತಿಗೆಗೆ ಒಪ್ಪಿಸಿ, ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದಿಳಿದ. ಟಯರಿನ ಅಟ್ಟೆಯ ಚಪ್ಪಲಿ ಬಾಗಿಲ ಹೊರಗೆ ಬಿಟ್ಟ. ಕಾಲಿಗೆ ತಂಬಿಗೆ ನೀರು ಕೊಟ್ಟೆ. ಕಾಲು ತೊಳೆದು ಒಳಗೆ ಬಂದು ಕೂತ. ಆಗಷ್ಟೇ ಒರೆಸಿದ ನೆಲ, ಅದರ ಮೇಲೆ ಹಸಿ ಹೆಜ್ಜೆಗಳು. ಒಂದು ಕಾಲಿನ ಹೆಜ್ಜೆ ಮಾತ್ರ ಕೆಂಪಗಿತ್ತು.

"ಎಲ್ಲಿ ರಾಡಿ ತುಳಿದು ಬಂದಿ? ಕಾಲು ನೆಟ್ಟಗ ತೊಳ್ಕೊಳ್ಳಾಕ ಬರಂಗಿಲ್ಲೇನು?" ಅಂತ ಗದರಿಸುತ್ತಲೇ ನಮಸ್ಕಾರ ಮಾಡಲು ಬಗ್ಗಿದೆ. ಹುಟ್ಟಿದಾಗಿನಿಂದ ಆ ಕಾಲಿಗೆ ಹಣೆ ಹಚ್ಚಿದವಳು ನಾನು. ಕಣ್ಣು ಮುಚ್ಚಿ ಹಚ್ಚುತ್ತೇವಲ್ಲ, ಆ ಕಾಲು ಹೇಗಿದೆ ಅಂತ ಯಾರು ನೋಡುತ್ತಾರೆ? ಅವತ್ತು ನೋಡಿದೆ. ಹೆಬ್ಬೆರಳು ಊದಿ ಕಪ್ಪಾಗಿತ್ತು. ಕಾಲು ಎತ್ತಿ ತಿರುಗಿಸಿದೆ. ಬೆರಳ ಬುಡದಲ್ಲಿ ಒಂದು ಜಾಲಿಮುಳ್ಳು ಚಪ್ಪಲಿ ದಾಟಿ ಒಳಹೊಕ್ಕು ಮುರಿದು ನಿಂತಿದೆ, ಸುತ್ತ ಕೀವು.

"ಯಣ್ಣಾ, ಇದು ಯಾವಾಗ ಚುಚ್ಚೈತಿ?"

"ಯಾವ್ದು?" ಅಂದ. ಬಗ್ಗಿ ನೋಡಿ ಅವನೂ ಬೆಚ್ಚಿದ. "ಏ, ಹೋಗ್ಲಿ ಬಿಡು, ನೋವೇನಿಲ್ಲ. ಕಿತ್ತು ಒಂದೀಟು ಅರಿಷಿಣ ಹಚ್ಚು. ಬಸ್ಸಿಗೆ ತಡ ಆಗ್ತತಿ."

ನನಗೆ ಎಲ್ಲಿತ್ತೋ ಸಿಟ್ಟು! "ನಿನ್ನ ಕುರಿಗಿರೋ ಮರ್ಯಾದಿ ನಿನಗಿಲ್ಲಲ್ಲೋ! ಇದೇ ಕುರಿ ಕಾಲಾಗಿದ್ರ ಅರಿಷಿಣ ಹಚ್ಚಿ ಬಿಡ್ತಿದ್ದಿ ಏನು?" ಅಂತ ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಅವನೂ ಕೂಗಾಡಿದ. ಕೊನೆಗೆ ಚಪ್ಪಲಿಗಳನ್ನು ಎತ್ತಿ ನನ್ನ ಚೀಲಕ್ಕೆ ತುರುಕಿಕೊಂಡೆ. ಬರಿಗಾಲಲ್ಲಿ ಎಲ್ಲಿಗೆ ಹೋಗುತ್ತಾನೆ? ಆಟೋ ಹತ್ತಿದ. ಹಗರಿಬೊಮ್ಮನಹಳ್ಳಿಯ ದವಾಖಾನೆ ಮುಟ್ಟುವವರೆಗೂ ಆ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡೇ ಕೂತಿದ್ದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ರಕ್ತ ನೋಡಿ, ಸಕ್ಕರೆ ಕಾಯಿಲೆ ಬಂದು ಬಹಳ ದಿನ ಆಗಿದೆ ಅಂದರು. ಆಮೇಲೆ ಒಂದು ಸಣ್ಣ ನೈಲಾನ್ ಎಳೆ ತೆಗೆದುಕೊಂಡು, "ಯಜಮಾನ್ರ, ಕಣ್ಣು ಮುಚ್ಚಿಕೊಳ್ರಿ. ಕಾಲಿಗೆ ಮುಟ್ಟಿಸಿದಾಗೆಲ್ಲ ಹೂಂ ಅನ್ರಿ" ಅಂದರು. ಅಣ್ಣ ಫೋಟೋಕ್ಕೆ ಕೂತವನಂತೆ ನೆಟ್ಟಗೆ ಕೂತು ಕಣ್ಣು ಮುಚ್ಚಿದ. ಅವರು ಬೆರಳಿಗೆ ಮುಟ್ಟಿಸಿದರು, ಅಂಗಾಲಿಗೆ, ಹಿಮ್ಮಡಿಗೆ. ಮತ್ತೊಂದು ಕಾಲಿಗೂ. ಅಣ್ಣ ಬಾಯಿ ಬಿಡಲಿಲ್ಲ. ಡಾಕ್ಟರಮ್ಮ ಎಳೆ ಕೆಳಗಿಟ್ಟರು.

ಕಣ್ಣು ಮುಚ್ಚಿಕೊಂಡೇ ಅಣ್ಣ ಕೇಳಿದ, "ಯಾವಾಗ ಚಾಲೂ ಮಾಡ್ತೀರಿ ಯವ್ವಾ?"

ನಾನು ಸೆರಗು ಬಾಯಿಗೆ ಹಿಡಿದು ಹೊರಗೆ ಬಂದುಬಿಟ್ಟೆ.

ಅತ್ತು ಮುಗಿಸಿ ಒಳಗೆ ಹೋದಾಗ ಡಾಕ್ಟರಮ್ಮ ಹೇಳುತ್ತಿದ್ದರು. ಚಳಿಗಾಲದ ಆ ಉರಿ ಇದೆಯಲ್ಲ, ಅದೇ ಕಾಲು ಕೊಟ್ಟ ಸೂಚನೆ. ಆಗಲೇ ಬಂದಿದ್ದರೆ ಗುಳಿಗೆ, ಪಥ್ಯ, ಒಳ್ಳೆಯ ಚಪ್ಪಲಿಯಲ್ಲೇ ಬಹಳ ಮಟ್ಟಿಗೆ ತಡೆಯಬಹುದಿತ್ತು. ಆಮೇಲೆ ನೋವು ಹೋಗಿದ್ದು ವಾಸಿಯಾಗಿ ಅಲ್ಲ, ನರಕ್ಕೆ ಸ್ಪರ್ಶವೇ ಸತ್ತುಹೋಗಿ. ಬಿಸಿ ಇಟ್ಟಿಗೆಯ ಮಾತು ಕೇಳಿ ಅವರು ತಲೆ ಮೇಲೆ ಕೈ ಹೊತ್ತರು. ಇಂಥ ಕಾಲು ಬೆಂದರೂ ಗೊತ್ತಾಗುವುದಿಲ್ಲ, ಇನ್ನು ಬಿಸಿಯ ಹತ್ತಿರ ಒಯ್ಯಲೇಬೇಡಿ ಅಂದರು. ಕೀವು ಮೇಲೇರಿದ್ದರಿಂದ ಅವತ್ತೇ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

"ಕಾಲು ತೆಗೀತಾರೇನು ತಂಗೀ?" ಅಂತ ದಾರಿಯಲ್ಲಿ ಅಣ್ಣ ಮೆಲ್ಲಗೆ ಕೇಳಿದ. ನಾನು ಹುಟ್ಟಿದಾಗಿನಿಂದ ಅವನು ಮೆಲ್ಲಗೆ ಮಾತಾಡಿದ್ದು ಕೇಳಿರಲಿಲ್ಲ. "ತೆಗೆದ್ರ ಕುರಿ ಮಾರಬೇಕಾಗ್ತತಿ. ಕುಂತು ಮೇಯ್ಸಾಕ ಬರಂಗಿಲ್ಲ ಅವನ್ನ." ಏನೂ ಆಗೋದಿಲ್ಲ ಅಂತ ಜಬರಿಸಿದೆ. ನನಗೇ ನಂಬಿಕೆ ಇರಲಿಲ್ಲ.

ಹೆಬ್ಬೆರಳು ಹೋಯಿತು. ಕಾಲು ಉಳಿಯಿತು. ಪಂಚಮಿಗೆಂದು ಕಟ್ಟಿದ್ದ ಬೆಲ್ಲದ ಉಂಡಿ ಡಬ್ಬಿಯಲ್ಲೇ ಉಳಿದವು. ಅವನಿಗೆ ಕೊಡುವ ಹಾಗಿರಲಿಲ್ಲ, ನಾನು ಮುಟ್ಟಲಿಲ್ಲ. ಅವನು ಆಸ್ಪತ್ರೆಯಲ್ಲಿ ಇರುವಷ್ಟು ದಿನ ಅತ್ತಿಗೆ ಒಬ್ಬಳೇ ಕುರಿ ಮೇಯಿಸಿದಳು. ಅವನು ಫೋನಿನಲ್ಲಿ ಮೊದಲು ಕುರಿಗಳ ಕಾಲು ವಿಚಾರಿಸಿಕೊಂಡು ಆಮೇಲೆ ಅವಳನ್ನು ವಿಚಾರಿಸುತ್ತಿದ್ದ. ಕತ್ತೆ!

ಈಗ ಸಂಜೆ ಕಟ್ಟಕಡೆಯ ಕುರಿ ಒಳಗೆ ಹೋದ ಮೇಲೆ ಅಣ್ಣ ರೊಪ್ಪದ ಬಾಗಿಲಲ್ಲಿ ಕಲ್ಲಿನ ಮೇಲೆ ಕೂರುತ್ತಾನೆ. ಅತ್ತಿಗೆ ಬಂದು ಅವನ ಕಾಲು ಮೇಲೆ ಮಾಡಿ, ಮೊಬೈಲಿನ ಬೆಳಕು ಬಿಟ್ಟು, ಬೆರಳ ಸಂದಿಯನ್ನೆಲ್ಲ ನೋಡುತ್ತಾಳೆ. "ಇದೊಂದು ಮುದಿ ಟಗರು" ಅನ್ನುತ್ತಾಳೆ. ಮುಚ್ಚಿದ ಬೂಟು ಕೊಡಿಸಿದ್ದೇವೆ. ಕೊಡವದೆ, ಒಳಗೆ ಕೈಯಾಡಿಸದೆ ಅದಕ್ಕೆ ಕಾಲು ಹಾಕುವುದಿಲ್ಲ.

ಈ ಸಲದ ಪಂಚಮಿಗೂ ಕರೆಯಲು ಬಂದ. ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ನಾನು ಆಗಷ್ಟೇ ಅಡ್ಡಾಗಿದ್ದೆ. ದನಿ ಕೇಳಿ ಎದ್ದು ಬಾಗಿಲ ಕಡೆ ನಡೆದೆ. ಅವನು ಹೊಸ್ತಿಲಲ್ಲೇ ನಿಂತು ನೋಡುತ್ತಿದ್ದ, ಮುಖವನ್ನಲ್ಲ.

"ಯಾವ ಕಾಲು?" ಅಂದ.

"ಏನಿಲ್ಲ ಬಾರೋ, ಎದ್ದಕೂಡ್ಲೆ ಒಂದೀಟು ಹಿಡೀತತಿ, ಆಮ್ಯಾಲ..."

"ಯಾವ ಕಾಲು ಅಂದೆ."

ಕಟ್ಟೆಯ ಮೇಲೆ ಕೂರಿಸಿ, ನನ್ನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. "ಅಯ್ಯ, ಹಿರ್ಯಾ ಅದಿ, ತಂಗಿ ಕಾಲು ಹಿಡೀಬಾರದೋ, ಬಿಡೋ!" ಅಂತ ಎಳೆದುಕೊಂಡೆ. "ಸುಮ್ಕಿರು. ಕುರಿ ಹಿಂಗ ವಟವಟ ಅನ್ನಂಗಿಲ್ಲ" ಅಂದವನೇ ಹಿಮ್ಮಡಿಗೆ ಹೆಬ್ಬೆರಳು ಊರಿ ಒತ್ತಿದ. ನಾನು ಚೀರಿದ್ದಕ್ಕೆ ಪಕ್ಕದ ಮನೆಯವರು ಹೊರಗೆ ಬಂದರು.

"ಭಾಳ ನೋವಾತೇನು?"

"ಜೀವ ಹೋತಲ್ಲೋ, ಕಟುಕಾ!"

ಅವನು ಕಾಲು ಬಿಡಲಿಲ್ಲ. ಕಣ್ಣು ತುಂಬಿಕೊಂಡು ನಗುತ್ತಿದ್ದ. "ನೋವು ಬರ್ತತಿ ಅಂದ್ರ ನಿನ್ನ ಕಾಲು ಇನ್ನೂ ಮಾತಾಡ್ತತಿ. ಪುಣ್ಯವಂತಿ ಅದಿ ನೀನು. ಏಳು, ಮೊದಲ ದವಾಖಾನಿ, ಆಮ್ಯಾಲ ಪಂಚಮಿ" ಅಂದ. ಬಾಗಿಲ ಹೊರಗಿದ್ದ ನನ್ನ ಚಪ್ಪಲಿ ಎತ್ತಿ, ಬೋರಲು ಮಾಡಿ ಬಡಿದು, ಒಳಗೆ ಕೈಯಾಡಿಸಿ, ನನ್ನ ಕಾಲ ಬಳಿ ಇಟ್ಟ. ನಾನು ಜಗಳವಾಡದೆ ಹಾಕಿಕೊಂಡೆ.