ಎರಡು ಬೆರಳು ಗಿಡ್ಡ

ನಮ್ಮ ಯಜಮಾನರ ಅಂಗಡಿಗೆ ಬಂದವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಹೊಳೆಯೋದು ಕೊಡಿ." ವೇಗದ ಕಾರು ಕಟ್ಟುವವರಿಗೆ ಸ್ಟೀಲ್ ತಂತಿ ಹೆಣೆದ ಹೋಸ್ ಅಂದರೆ ಒಡವೆ. ಇವರಿಗೆ ಆ ಮಾತು ಕೇಳಿದರೇ ಮೈ ಉರಿಯುತ್ತದೆ. "ಒಳಗೆ ಏನು ಹರಿಯುತ್ತೆ? ಪೆಟ್ರೋಲಾ, ಎಂಜಿನ್ ಆಯಿಲಾ, ಬ್ರೇಕ್ ಆಯಿಲಾ? ಎಷ್ಟು ಬಿಸಿಯಾಗುತ್ತೆ? ಪಕ್ಕದಲ್ಲಿ ಯಾವುದಕ್ಕೆ ಉಜ್ಜುತ್ತೆ?" ಎಂದು ವಕೀಲರ ಹಾಗೆ ಪಾಟೀಸವಾಲು ಶುರು. "ತಂತಿ ಬರೀ ಅಂಗಿ. ಕೆಲಸ ಮಾಡೋದು ಒಳಗಿನ ಕೊಳವೆ. ಮೊದಲು ಅದನ್ನ ಆರಿಸು" ಎನ್ನುತ್ತಾರೆ. ಗಿರಾಕಿ ಮುಖ ಗಂಟು ಹಾಕಿಕೊಂಡರೆ ಸಮಾಧಾನ ಮಾಡುವ ಕೆಲಸ ಕೌಂಟರಿನಲ್ಲಿ ಕೂರುವ ನನ್ನದು.

ಹದಿನೆಂಟು ವರ್ಷ ಮಣ್ಣು ಅಗೆಯುವ ಯಂತ್ರಗಳ ಹೋಸ್ ಕಟ್ಟಿ, ಆಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಈ ಅಂಗಡಿ ಇಟ್ಟವರು. ಹೋಸಿನ ತುದಿಗೆ ಹಾಕುವ ನೀಲಿ, ಕೆಂಪು ಫಿಟ್ಟಿಂಗುಗಳು ಒಂದೊಂದು ಡಬ್ಬಿಯಲ್ಲಿ ಒಂದೊಂದು ಅಳತೆ. ಒಂದು ಫಿಟ್ಟಿಂಗ್ ಪಕ್ಕದ ಡಬ್ಬಿಗೆ ಬಿದ್ದರೆ ಆ ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಬ್ರೇಕ್ ಹೋಸಿನ ವಿಷಯದಲ್ಲಂತೂ ಇವರದು ಉಡದ ಪಟ್ಟು. ಕಾರು ನೆಲದ ಮೇಲೆ ನಿಂತಿರುವಾಗ ಅಳತೆ ತೆಗೆಯುವಂತಿಲ್ಲ. ಜಾಕ್ ಹಾಕಿ ಎತ್ತಬೇಕು, ಚಕ್ರ ಕೆಳಗೆ ನೇತಾಡಬೇಕು, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಬೇಕು, ಆಮೇಲೆ ಟೇಪು. ಓಡುವ ಕಾರು ಹಾರಿದಾಗ ಚಕ್ರ ಕೆಳಗಿಳಿದು ಹೋಸನ್ನು ಎಳೆಯುತ್ತದೆ. ಗಿಡ್ಡವಿದ್ದರೆ ಕಿತ್ತು ಬರುತ್ತದೆ, ಬ್ರೇಕ್ ಹೋಗುತ್ತದೆ. ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಇವರು ಊರಲ್ಲಿ ಇಲ್ಲದಾಗ ಗಿರಾಕಿಗಳಿಗೆ ನಾನೇ ಒಪ್ಪಿಸಿದ್ದೂ ಉಂಟು.

ಇಂಥವರಿಗೆ ಒಬ್ಬಳೇ ಮಗಳು. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ, ಸಂಜೆಯಾದರೆ ಹಿತ್ತಲಿನ ಶೆಡ್ಡಿನಲ್ಲಿ ಕಾರಿನ ಕೆಳಗೆ ವಾಸ. ಒಂದು ಹಳೇ ಕಾರನ್ನು ಮೂರು ವರ್ಷ ಬಿಚ್ಚಿ ಕಟ್ಟಿ ಓಟದ ಕಾರು ಮಾಡಿದಳು. ಅವಳ ಮೊದಲ ಸ್ಪರ್ಧೆ ಒಂದು ಭಾನುವಾರಕ್ಕೆ ಗೊತ್ತಾಯಿತು. ಅದರ ಹಿಂದಿನ ದಿನ ಒಂದು ಸುತ್ತು ಓಡಿಸಿ ಸಮಯ ದಾಖಲಿಸಿದವರಿಗೆ ಮಾತ್ರ ಭಾನುವಾರ ಜಾಗ.

ಹೋಸುಗಳನ್ನು ಇವರೇ ಕಟ್ಟಿದರು, ಪದ್ಧತಿ ಪ್ರಕಾರ ಜಾಕ್ ಹಾಕಿಯೇ. ಕಾರು ಕೆಳಗಿಳಿದ ಮೇಲೆ ಮಗಳು ಬಗ್ಗಿ ನೋಡಿ ಮೂಗು ಮುರಿದಳು.

"ಜೋತು ಬಿದ್ದಿದೆ ಅಪ್ಪಾ. ಚೆನ್ನಾಗಿ ಕಾಣಲ್ಲ. ಎರಡು ಬೆರಳು ಕಮ್ಮಿ ಮಾಡು."

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಅಂಗಡಿಯ ಮೆಟ್ಟಿಲು ಇಳಿಸಿರುತ್ತಿದ್ದರು. ಮಗಳ ಮುಂದೆ ಮಾತ್ರ ಬೆಣ್ಣೆ. ಜಾಕನ್ನು ಆಗಲೇ ಒಳಗಿಟ್ಟಾಗಿತ್ತು. ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸಿ ನೋಡಿ, "ಸಾಕಾಗುತ್ತೆ" ಎಂದು ತುದಿ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿಯೇಬಿಟ್ಟರು. ನಾನೂ ಪಕ್ಕದಲ್ಲಿ ನಿಂತು "ಈಗ ಚೆಂದ" ಅಂದೆ. ಜಾಣೆ.

ಶನಿವಾರ ಓಟದ ಟ್ರ್ಯಾಕಿನಲ್ಲಿ ತಪಾಸಣೆಯವರು ಕಾರನ್ನು ಸುತ್ತಿ, ಬಗ್ಗಿ, ತಟ್ಟಿ ನೋಡಿ ಚೀಟಿ ಅಂಟಿಸಿದರು. ಮಗಳು ಹೆಲ್ಮೆಟ್ ಹಾಕಿಕೊಂಡು ಸಾಲಿನಲ್ಲಿ ನಿಂತಳು. ನಾವಿಬ್ಬರೂ ಬೇಲಿಯ ಪಕ್ಕ ಬುತ್ತಿ ಬಿಚ್ಚಿದೆವು. ಎದುರಿನ ತಿರುವಿನಲ್ಲಿ ಯಾರದೋ ಕಾರು ಅಂಚಿನ ಕಲ್ಲು ಹತ್ತಿತು. ಮುಂದಿನ ಚಕ್ರ ಗಾಳಿಯಲ್ಲಿ ನೇತಾಡಿ ಮತ್ತೆ ನೆಲ ಮುಟ್ಟಿತು. ಇವರ ಕೈ ಬಾಯಿಯ ಹತ್ತಿರವೇ ನಿಂತುಹೋಯಿತು.

"ನಾನು ನಿಂತ ಕಾರಲ್ಲಿ ಅಳತೆ ತಗೊಂಡೆ ಕಣೇ."

ಇವರು ಓಡಿದರು, ಐವತ್ತೆಂಟರ ಮಂಡಿ ಎಷ್ಟು ಬಿಟ್ಟಿತೋ ಅಷ್ಟು. ಮಗಳ ಮುಂದೆ ಇನ್ನು ಎರಡೇ ಕಾರು.

"ಇಳಿ ಪುಟ್ಟಿ. ಹೋಸ್ ಗಿಡ್ಡ ಇದೆ."

"ಅವರು ಪಾಸ್ ಮಾಡಿದಾರಲ್ಲಪ್ಪ. ಈಗ ಸಾಲು ಬಿಟ್ಟರೆ ನಾಳೆ ಇಲ್ಲ."

"ಅವರು ನೋಡಿದ್ದು ನಿಂತ ಕಾರು. ಕಟ್ಟಿದವನು ನಾನು, ನಂಗೆ ಗೊತ್ತು. ತಪ್ಪು ಮಾಡಿದೀನಿ."

ಮೆಲ್ಲಗೆ ಹೇಳಬಹುದಿತ್ತು. ಆ ಸಾಲಿನಲ್ಲಿದ್ದವರಲ್ಲಿ ಅರ್ಧ ಜನ ನಮ್ಮ ಗಿರಾಕಿಗಳೇ. ಎಲ್ಲರೂ ಎಂಜಿನ್ ಆರಿಸಿ ಕಿವಿ ನೆಟ್ಟರು. ತಪಾಸಣೆಯವರು ಜಾಕ್ ತಂದು ಕಾರನ್ನು ಎತ್ತಿದರು. ಚಕ್ರ ಇಳಿಯಿತು, ಸ್ಟೀರಿಂಗ್ ತಿರುಗಿತು, ಹೋಸು ಬಟ್ಟೆ ಒಣಹಾಕುವ ತಂತಿಯ ಹಾಗೆ ಬಿಗಿದು ನಿಂತಿತು. ಮಗಳು ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟಳು. ಅಂಗಡಿಗೆ ಹೋಗಿ ಹೊಸದು ಕಟ್ಟಿ ತರುವಷ್ಟು ಹೊತ್ತಿರಲಿಲ್ಲ. ಮೂರು ವರ್ಷದ ಆಸೆ ಅಷ್ಟರಲ್ಲಿ ಮುಗಿಯಿತು. ನಾನು ಅತ್ತುಬಿಟ್ಟೆ.

ಕಾರು ಹಿಂತೆಗೆದುಕೊಳ್ಳುವುದಕ್ಕೂ ಒಂದು ಫಾರಂ ಇತ್ತು. ಅಧಿಕಾರಿ ಪೆನ್ನು ತೆಗೆದು, "ಕಾರಣ ಏನಂತ ಬರೀಲಿ?" ಎಂದರು.

"ಡ್ರೈವರ್ ತಪ್ಪು ಅಂತ ಬರೀರಿ," ಮಗಳು ಹೇಳಿದಳು. "ಗಿಡ್ಡ ಮಾಡು ಅಂದಿದ್ದು ನಾನು."

"ಅವಳ ಮಾತು ಕೇಳಬೇಡಿ. ಅಂಗಡಿ ಹೆಸರು ಬರೀರಿ."

"ನೀನು ಸುಮ್ನಿರಪ್ಪ. ಹಾಗೆ ಬರೆದರೆ ನಾಳೆಯಿಂದ ನಿನ್ನ ಅಂಗಡಿಗೆ ಯಾರು ಬರ್ತಾರೆ?"

"ಯಾರೂ ಬರದಿದ್ರೆ ಬೇಡ. ನೀನು ಇದೀಯಲ್ಲ, ಅಷ್ಟು ಸಾಕು ನಂಗೆ."

ಇವರ ಬಾಯಿಂದ ಇಂಥ ಮಾತು ಮೂವತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ. ಅಧಿಕಾರಿ ಇಬ್ಬರ ಮುಖವನ್ನೂ ನೋಡಿ, ಯಾರನ್ನೂ ಕೇಳದೆ ತಮಗೆ ತೋಚಿದ್ದನ್ನು ಬರೆದು, ಒಂದು ಪ್ರತಿ ಹರಿದು ಮಗಳ ಕೈಗೆ ಕೊಟ್ಟರು. ಅದರಲ್ಲಿ ಹೀಗಿತ್ತು: "ಮುಂದಿನ ಚಕ್ರದ ಬ್ರೇಕ್ ಹೋಸ್ ಗಿಡ್ಡ. ಮಾಡಿದವರೇ ಬಂದು ಹೇಳಿದರು."

ಮಗಳು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದಳು. ಇವರು ನಾಚಿಕೆಯಿಂದ ಎರಡು ಸಲ ಇಳಿಸಿದರು, ಅವಳು ಎರಡು ಸಲವೂ ಏರಿಸಿದಳು. ಹೊಸಬರು ಬಂದರೆ ನಿಂತು ಅದನ್ನು ಓದುತ್ತಾರೆ. ಓದಿದ ಮೇಲೆ ವಾಪಸು ಹೋದವರು ಇದುವರೆಗೆ ಒಬ್ಬರೂ ಇಲ್ಲ.