ಹೊಳಪು ಮೇಸ್ತ್ರಿಯ ಮಂಕು ಗೋಡೆ

ಮಂಕು ಬಣ್ಣವನ್ನು ಬೇಕೆಂದೇ ಕೇಳುವವರೂ ಲೋಕದಲ್ಲಿದ್ದಾರೆ ಎಂಬುದು ಬಣ್ಣ ಬಳಿಯುವ ಹೊಳಪು ಮೇಸ್ತ್ರಿಗೆ ಗೊತ್ತಾದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ. ಕೇಳಿದವರು ಮೊಮ್ಮಗಳ ಟೀಚರು. ಅದು ಕಿವಿ ಕೇಳದ ಮಕ್ಕಳ ಶಾಲೆ, ಪಾಠವೆಲ್ಲ ಕೈಸನ್ನೆಯಲ್ಲೇ. ಹಳೆಯ ಕೋಣೆಯ ಬಿಳಿ ಗೋಡೆಯ ಮುಂದೆ ಆಡಿದ ಕೈಗಳು ಮಕ್ಕಳ ಕಣ್ಣಿಗೆ ಸರಿಯಾಗಿ ಹತ್ತುತ್ತಿರಲಿಲ್ಲ. ಏಳು ವರ್ಷದ ಮೊಮ್ಮಗಳಂತೂ ತಿಂಗಳಿಂದ ಶಾಲೆ ಒಲ್ಲೆನೆಂದು ಮನೆಯ ಬಾಗಿಲಿಗೆ ಅಂಟಿಕೊಂಡು ನಿಲ್ಲುತ್ತಿದ್ದಳು.

"ಹೊಸ ಕೋಣೆ ಗೋಡೆ ಕಡುನೀಲಿ ಇರಲಿ ಮೇಸ್ತ್ರಿಗಳೇ. ಒಂಚೂರೂ ಹೊಳೀಬಾರದು, ಮ್ಯಾಟ್ ಆಗಬೇಕು. ಇದೂ ಸರಿಹೋಗದಿದ್ರೆ ಅವಳನ್ನ ಶಾಲೇಲಿ ಉಳಿಸ್ಕೊಳ್ಳೋದು ಕಷ್ಟ," ಎಂದಿದ್ದರು ಟೀಚರು.

ಮೇಸ್ತ್ರಿಯ ಕಿವಿಗೆ ಕಡುನೀಲಿಯವರೆಗೆ ಬಿತ್ತು. ಅಲ್ಲಿಂದಾಚೆಗೆ ಅವರ ಸಿದ್ಧಾಂತ ಅಡ್ಡ ನಿಂತಿತು. ಕಡುಬಣ್ಣವೆಂದರೆ ಗತ್ತು, ದೊಡ್ಡ ಸಾಹೇಬರ ಕೋಣೆಗೆ ಹೇಳಿ ಮಾಡಿಸಿದ್ದು. ಮ್ಯಾಟ್ ಎಂದರೆ ಗೋಡೆಯ ಉಬ್ಬುತಗ್ಗು ಮುಚ್ಚಿಡುವ ಉಪಾಯ, ಕೆಲಸ ಬಾರದವನ ಆಸರೆ. ಹೊಳಪು ಮಾತ್ರ ಮರ್ಯಾದೆ. ಹೊಳೆಯುವ ಗೋಡೆಯಲ್ಲಿ ಸಾಸಿವೆಯಷ್ಟು ಗಂಟಿದ್ದರೂ ಎದ್ದು ಕಾಣುತ್ತದೆ, ಹಾಗಾಗಿ ಹೊಳಪು ಕೊಡಲು ಎದೆ ಬೇಕು. ಅಡುಗೆಮನೆ, ಕಿಟಕಿ ಸರಳು, ಕೊನೆಗೆ ಪಕ್ಕದ ಮನೆಯ ಕೋಳಿಗೂಡಿನ ಬಾಗಿಲನ್ನೂ ಅವರು ಬಿಟ್ಟಿರಲಿಲ್ಲ.

"ನಿಮ್ಮ ತಲೆಗೂ ಎರಡು ಕೋಟ್ ಹೊಡ್ಕೊಂಡಿದೀರಲ್ಲ," ಎನ್ನುತ್ತಿದ್ದರು ಹೆಂಡತಿ.

ಸ್ವಂತ ಮೊಮ್ಮಗಳ ಶಾಲೆಗೆ ಮಂಕು ಬಳಿಯುವುದೇ? ಶನಿವಾರ, ಭಾನುವಾರ ಕೂತು ಗೋಡೆಯ ಗುಳಿಗಳಿಗೆ ಲಪ್ಪ ತುಂಬಿ, ಉಜ್ಜಿ, ಹೊಳೆಯುವ ಕಡುನೀಲಿ ಆಯಿಲ್ ಪೇಂಟನ್ನೇ ಎರಡು ಕೋಟ್ ಕೊಟ್ಟರು. ಸೋಮವಾರ ಇಸ್ತ್ರಿ ಅಂಗಿ ತೊಟ್ಟು, ಮೊಮ್ಮಗಳನ್ನು ಪುಸಲಾಯಿಸಿ ಕರೆತಂದು, ಹೊಗಳಿಕೆ ಸ್ವೀಕರಿಸಲು ಅನುಕೂಲವಾಗುವಂತೆ ಕೋಣೆಯ ಹಿಂದೆ ನಿಂತರು.

ಹತ್ತು ಗಂಟೆಗೆ ಕಿಟಕಿಯಿಂದ ಬಿಸಿಲು ಇಳಿಯಿತು. ಟೀಚರು ಗೋಡೆಯ ಮುಂದೆ ನಿಂತು ಕೈಯೆತ್ತಿದರು. ಗೋಡೆಯೊಳಗೆ ಕಿಟಕಿ ಇತ್ತು, ಹೊರಗಿನ ಮರ ಇತ್ತು, ಹನ್ನೊಂದು ಮಕ್ಕಳಿದ್ದರು, ಎಲ್ಲರ ನಡುವೆ ಇಸ್ತ್ರಿ ಅಂಗಿಯ ಮೇಸ್ತ್ರಿಯೂ ಇದ್ದರು. ಆ ಸಂತೆಯಲ್ಲಿ ಟೀಚರ ಕೈ ಎಲ್ಲಿ ಹೋಯಿತೋ. ಮಕ್ಕಳು ಅತ್ತ ಇತ್ತ ಕತ್ತು ಹೊರಳಿಸಿದರು. ಮೊಮ್ಮಗಳು ಎರಡೂ ಅಂಗೈಯಿಂದ ಕಣ್ಣು ಮುಚ್ಚಿ ಡೆಸ್ಕಿಗೆ ಹಣೆ ಹಚ್ಚಿದಳು. ಅವಳು ಕಣ್ಣು ಮುಚ್ಚಿದರೆ ಮತ್ತೆ ಯಾರೂ ಏನೂ ಹೇಳುವಂತಿಲ್ಲ.

ಮೇಸ್ತ್ರಿ ಪಕ್ಕಕ್ಕೆ ಸರಿದರು, ಗೋಡೆಯೊಳಗಿನ ಮೇಸ್ತ್ರಿಯೂ ಸರಿದರು.

"ಮ್ಯಾಟ್ ಅಂತ ಹೇಳಿದ್ದೆನಲ್ಲ," ಎಂದರು ಟೀಚರು.

"ಹೇಳಿದ್ರಿ ಮೇಡಂ. ಹೊಳಪು ಕೇಳೋಕೆ ಸಂಕೋಚ ಪಟ್ಟು ಹಾಗಂದ್ರಿ ಅಂದ್ಕೊಂಡೆ."

"ಬಣ್ಣ ಹೇಳೋಕೆ ಯಾರಿಗಾದ್ರೂ ಸಂಕೋಚ ಇರುತ್ತಾ?"

ಮಂಕು ಸಾಕು ಎಂದ ಎಷ್ಟು ಮನೆಯವರು ನಲವತ್ತು ವರ್ಷದಿಂದ ತಮ್ಮ ಹೊಳಪನ್ನು ಸಹಿಸಿಕೊಂಡು ಬಾಳುತ್ತಿದ್ದಾರೋ ಎಂಬುದು ಆಗಲೇ ತಲೆಗೆ ಹೊಳೆದು, ಮೇಸ್ತ್ರಿ ಅಲ್ಲೇ ಇದ್ದ ಪುಟ್ಟ ಬೆಂಚಿನ ಮೇಲೆ ಕೂತುಬಿಟ್ಟರು.

ಅಂದಿನಿಂದಲೇ ಮೂರು ದಿನ ಉಜ್ಜುಕಾಗದ ಹಿಡಿದು ತಮ್ಮ ಹೊಳಪನ್ನು ತಾವೇ ತೆಗೆದರು. ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತರು. "ಗೋಡೆಗೆ ಏನಾಯ್ತು?"

"ಮರ್ಯಾದೆ ಜಾಸ್ತಿ ಆಗಿತ್ತು. ಇಳಿಸ್ತಾ ಇದೀನಿ."

ಆಮೇಲೆ ಮ್ಯಾಟ್ ಬಳಿದು, ಬಿಸಿಲು ಸರಿದಂತೆಲ್ಲ ಮೊಮ್ಮಗಳ ಜಾಗದಲ್ಲಿ ಕೂತು, ಹೆಂಡತಿಯನ್ನು ಗೋಡೆಯ ಮುಂದೆ ನಿಲ್ಲಿಸಿ ಕೈ ಆಡಿಸಲು ಹೇಳಿದರು. ಐದು ಬೆರಳೂ ಬಿಡಿಬಿಡಿಯಾಗಿ ಕಂಡವು.

ಶುಕ್ರವಾರ ಮೊಮ್ಮಗಳು ಕೋಣೆಯ ಬಾಗಿಲಲ್ಲೇ ನಿಂತಳು. ಟೀಚರ ಕೈಯನ್ನು ಒಂದಿಷ್ಟು ಹೊತ್ತು ನೋಡಿದಳು, ಒಳಗೆ ಬಂದು ಕೂತಳು. ಅರ್ಧ ಗಂಟೆ ಕಳೆದಿರಬೇಕು, ತಾನೇ ಎದ್ದು ಹೋಗಿ ಗೋಡೆಯ ಮುಂದೆ ನಿಂತು ಎರಡೂ ಕೈಯಲ್ಲಿ ಶುರುಮಾಡಿದಳು. ನಿಲ್ಲಿಸುವ ಲಕ್ಷಣವೇ ಇಲ್ಲ. ಮಕ್ಕಳೆಲ್ಲ ಹಿಂದಕ್ಕೆ ತಿರುಗಿ, ಕೋಣೆಯ ಹಿಂದೆ ನಿಂತಿದ್ದ ಮೇಸ್ತ್ರಿಯನ್ನು ನೋಡಿ ಬಿದ್ದು ಬಿದ್ದು ನಕ್ಕರು.

ಮನೆಯಲ್ಲಿ ಊಟ, ನೀರು, ನಿದ್ದೆ ಎಂಬ ಮೂರು ಸನ್ನೆ ಬಿಟ್ಟರೆ ಮೇಸ್ತ್ರಿಗೆ ಅವಳ ಭಾಷೆ ಬಾರದು. ಪಾಪದ ಮಗು, ಮೌನಿ ಎಂದೇ ನಂಬಿದ್ದರು.

"ಏನಂತೆ ಮೇಡಂ?"

"ನಿಮ್ಮ ವಿಷಯನೇ. ಹೇಳ್ಲಾ?"

"ಹೇಳಿ."

"ತಾತ ಮನೇಲಿ ಯಾರೂ ಇಲ್ಲ ಅಂದ್ಕೊಂಡು ಬೀರು ಬಾಗಿಲ ಹೊಳಪಲ್ಲಿ ಮುಖ ನೋಡ್ಕೊಂಡು ಮೀಸೆ ತಿರುವ್ತಾರಂತೆ. ಒಂದು ಸಲ ಸಲ್ಯೂಟ್ ಕೂಡ ಹೊಡ್ಕೊಂಡ್ರಂತೆ."

ಮೊಮ್ಮಗಳ ಕೈ ಇನ್ನೂ ಆಡುತ್ತಲೇ ಇತ್ತು. ಮೇಸ್ತ್ರಿ ಮೆಲ್ಲನೆ ಮುಂದಕ್ಕೆ ಬಂದು, ಮಕ್ಕಳ ಸಾಲಿನಲ್ಲಿ ಖಾಲಿಯಿದ್ದ ಅವಳ ಜಾಗದಲ್ಲೇ ಕೂತರು.

"ಇನ್ನೂ ಏನೇನು ನೋಡಿದಾಳಂತೆ?" ಎಂದರು.